‘ವಾಬಲ್’ ಅನ್ನೋದಕ್ಕೆ ಕನ್ನಡದಲ್ಲಿ ಏನಂತೀರಿ? ಬುಗುರಿ, ಭೂಮಿ, ನಕ್ಷತ್ರ ಮೂರಕ್ಕೂ ಹೊಂದೋ ಪದ ಬೇಕು

ಅನುವಾದದ ಮೇಜು
ಎಲ್ಲರಿಗೂ ನಮಸ್ಕಾರ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಅಂತ ಬರೆದಿರೋ, ಆಕಾಶದ ಬಗೆಗಿನ ಪುಟ್ಟ ಪುಸ್ತಕವೊಂದನ್ನ ಇಂಗ್ಲಿಷಿನಿಂದ ಕನ್ನಡಕ್ಕೆ ತರ್ತಿದ್ದೀನಿ. ಒಂದು ಪುಟದಲ್ಲಿ ನಾಲ್ಕು ದಿನದಿಂದ ಸಿಕ್ಕಿಕೊಂಡಿದ್ದೀನಿ. ಆ ಪುಟದಲ್ಲಿ ‘ವಾಬಲ್’ ಮೂರು ಸಲ ಬರುತ್ತೆ. ಮೊದಲು ವೇಗ ಕಳಕೊಂಡ ಬುಗುರಿಗೆ, ಆಮೇಲೆ ಭೂಮಿಯ ಅಕ್ಷಕ್ಕೆ, ಕೊನೆಗೆ ಗ್ರಹವೊಂದು ಸುತ್ತುತ್ತಿರೋ ದೂರದ ನಕ್ಷತ್ರಕ್ಕೆ. ಬರೆದವರು ಬೇಕಂತಲೇ ಒಂದೇ ಪದ ಇಟ್ಟಿದ್ದಾರೆ. ಬುಗುರಿ ನೋಡಿದ ಮಗುವಿಗೆ ಭೂಮಿ ಅರ್ಥವಾಗಲಿ ಅಂತ.

ನಿಘಂಟಿನಲ್ಲಿ ಅಲುಗಾಡು, ಓಲಾಡು, ತೂರಾಡು, ಅಸ್ಥಿರವಾಗಿ ಚಲಿಸು ಅಂತೆಲ್ಲ ಇದೆ. ‘ಭೂಮಿಯ ಕಂಪನ’ ಅಂತ ಬರೆದು ಅಣ್ಣನ ಮಗಳಿಗೆ ಓದೋಕೆ ಕೊಟ್ಟೆ. “ಭೂಕಂಪನಾ ಅತ್ತೆ?” ಅಂದಳು. ಅಲ್ಲಿಗೆ ಅದು ಹೋಯ್ತು. ‘ಅಲುಗಾಟ’ ಅಂದ್ರೆ ಏನೋ ಸಡಿಲವಾಗಿದೆ ಅನ್ನೋ ಹಾಗಿದೆ. ‘ತೂರಾಟ’ ಅಂದ ಕೂಡಲೇ ಕುಡಿದವರ ನಡಿಗೆ ಕಣ್ಣಿಗೆ ಬರುತ್ತೆ. ನಿಮ್ಮ ನಿಮ್ಮ ಕಡೆ, ನಿಮ್ಮ ನಿಮ್ಮ ಕೆಲಸದಲ್ಲಿ ಏನಂತೀರಿ, ದಯವಿಟ್ಟು ಹೇಳಿ.

ಪಾನಾ ಹಿಡಿದವನು
ಅಕ್ಕ, ನಮ್ ಗ್ಯಾರೇಜಲ್ಲಿ ಇದಕ್ಕೆ ಕನ್ನಡ ಪದಾನೇ ಇಲ್ಲ. “ಅಣ್ಣ, ಗಾಡಿ ವಾಬ್ಲಿಂಗ್ ಹೊಡೀತಿದೆ” ಅಂತಾನೇ ತಂದು ನಿಲ್ಲಿಸ್ತಾರೆ. ಅದು ಹೇಗಿರುತ್ತೆ ಅಂತ ಹೇಳ್ತೀನಿ, ಪದ ನೀವು ಹುಡುಕಿ.

ಒಂದು ಸ್ಪೀಡಿಗೆ ಬಂದಾಗ ಹ್ಯಾಂಡಲ್ ತಾನಾಗೇ ಎಡಕ್ಕೆ ಬಲಕ್ಕೆ ಪಟಪಟ ಹೊಡ್ಕೊಳ್ಳೋಕೆ ಶುರು ಮಾಡುತ್ತೆ. ಹ್ಯಾಂಡಲ್ ತಿರುಗೋ ಕಡೆಯ ಬೇರಿಂಗ್, ಅಂದ್ರೆ ಕೋನ್‌ಸೆಟ್ ಸವೆದಿರಬಹುದು, ಟೈರಲ್ಲಿ ಗಾಳಿ ಕಮ್ಮಿ ಇರಬಹುದು, ಹಿಂದೆ ಜಾಸ್ತಿ ಲೋಡ್ ಹಾಕಿರಬಹುದು. ಆಗ ಗಾಬರಿಯಾಗಿ ಬ್ರೇಕ್ ಹಿಡೀಬಾರ್ದು, ಹ್ಯಾಂಡಲ್ ಜೊತೆ ಜಗಳಕ್ಕೂ ಇಳೀಬಾರ್ದು. ಮೆಲ್ಲಗೆ ಆಕ್ಸಿಲರೇಟರ್ ಬಿಡಬೇಕು. ಹ್ಯಾಂಡಲ್ ಮಾತ್ರ ಹೊಡ್ಕೊಂಡ್ರೆ ವಾಬಲ್. ಇಡೀ ಗಾಡಿ ನಿಧಾನಕ್ಕೆ ಹಾವು ಹರಿದ ಹಾಗೆ ಅತ್ತಿತ್ತ ಹೋದ್ರೆ ಅದು ವೀವ್, ಅದು ಬೇರೆ ರೋಗ.

ಇನ್ನೊಂದು ಹೇಳ್ತೀನಿ. ನಮ್ಮಪ್ಪಂದು ಸೈಕಲ್ ಶಾಪ್ ಇತ್ತು. ಬೆಂಡ್ ತೆಗೆಯೋಕೆ ಅಂತ ಸೈಕಲ್ ಬಂದ್ರೆ ಬೋರಲು ಹಾಕಿ, ಚಕ್ರ ಜೋರಾಗಿ ತಿರುಗಿಸಿ, ರಿಮ್ಮಿಗೆ ಒಂದು ಕೂದಲೆಳೆ ದೂರದಲ್ಲಿ ಸೀಮೆಸುಣ್ಣ ಹಿಡೀತಿದ್ರು. ಚಕ್ರ ಸರಿ ಇದ್ರೆ ಸೀಮೆಸುಣ್ಣ ಅಂಟೋದೇ ಇಲ್ಲ. ಬೆಂಡಿದ್ರೆ ಎಲ್ಲಿ ಹೊರಗೆ ಬರುತ್ತೋ ಅಲ್ಲಿ ಮಾತ್ರ ಬಿಳೀ ಗೆರೆ. ಆ ಗೆರೆ ನೋಡ್ಕೊಂಡು ಒಂದು ಕಡ್ಡಿ ಬಿಗಿ ಮಾಡಿ, ಪಕ್ಕದ್ದು ಸಡಿಲ ಮಾಡಿ, ಮತ್ತೆ ತಿರುಗಿಸೋದು. ನೋಡಿ, ಅಲ್ಲಿ ಅಚ್ಚು ಅಲ್ಲಾಡ್ತಿಲ್ಲ, ನಟ್ಟು ಬಿಗಿಯಾಗೇ ಇದೆ. ಆದ್ರೂ ಅಂಚು ಒಳಗೆ ಹೊರಗೆ ಹೋಗ್ತಿದೆ. ‘ಸಡಿಲ’ ಅನ್ನೋ ಅರ್ಥ ಬರಬಾರದು ಅಂತ ನೀವಂದಿದ್ದು ಸರಿ.

ಮೆಟ್ಟುಕತ್ತಿ
ನಾನು ಪುತ್ತೂರು ಕಡೆಯವಳು. ನಮ್ಮಲ್ಲಿ ಒಂದೊಂದು ವಸ್ತುವಿಗೆ ಒಂದೊಂದು ಮಾತು ಉಂಟು. ಮೆಟ್ಟುಕತ್ತಿಯ (ನಿಮ್ಮ ಈಳಿಗೆಮಣೆ) ಮಣೆ ನೆಲದಲ್ಲಿ ಸರಿ ಕೂರದಿದ್ದರೆ ‘ಕುಂಟುತ್ತದೆ’. ಒಂದು ಕಾಲು ಗಿಡ್ಡ ಇರುವ ಮೇಜೂ ಕುಂಟುತ್ತದೆ. ಕಾಲಿನ ಅಡಿಗೆ ಕಾಗದ ಮಡಿಸಿ ಇಟ್ಟರೆ ಸರಿ. ಮಕ್ಕಳ ಹಲ್ಲು ‘ಅಲ್ಲಾಡುತ್ತದೆ’, ಬಿದ್ದ ಮೇಲೆ ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಬಿಸಾಡುವುದು. ಗಿಣ್ಣು ಬೆಂದಿದೆಯಾ ನೋಡಲು ಪಾತ್ರೆಯನ್ನು ಮೆಲ್ಲ ತಟ್ಟಿದರೆ ನಡು ಮಾತ್ರ ‘ಗದಗದ’ ಅನ್ನಬೇಕು. ಇಂಗ್ಲಿಷಿನವರಿಗೆ ಮೇಜು, ಹಲ್ಲು, ಗಿಣ್ಣು ಎಲ್ಲದಕ್ಕೂ ವಾಬಲ್ ಸಾಕು. ನಮಗೆ ಸಾಲುವುದಿಲ್ಲ.

ತೂಗುಸೇತುವೆಯನ್ನು ಮರೆಯಬೇಡಿ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ್ದು ಮೊದಲನೆಯದು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಅಂಥ ಸೇತುವೆಯ ಮೇಲೆ ನಾಲ್ಕು ಜನ ಒಂದೇ ತಾಳಕ್ಕೆ ಹೆಜ್ಜೆ ಹಾಕಿದರೆ ‘ತುಯ್ದಾಡುತ್ತದೆ’. ಅದು ಮೇಲಿನಿಂದ ತೂಗುಬಿಟ್ಟದ್ದಕ್ಕೆ ಬರುವ ಮಾತು.

ಥೇಮ್ಸ್ ದಂಡೆ
ಸೇತುವೆ ಅಂದಿದ್ದಕ್ಕೆ ಬರೀತಿದ್ದೀನಿ. ಲಂಡನ್ನಿನ ಮಿಲೇನಿಯಂ ಕಾಲ್ಸೇತುವೆಯನ್ನ 2000ದ ಜೂನ್ 10ರಂದು ತೆರೆದರು. ಎರಡೇ ದಿನದಲ್ಲಿ ಮುಚ್ಚಬೇಕಾಯ್ತು. ಜನ ನಡೆದ ಹಾಗೆ ಸೇತುವೆ ಅಡ್ಡಡ್ಡಕ್ಕೆ ಓಲಾಡೋಕೆ ಶುರುವಾಯ್ತು. ಓಲಾಟಕ್ಕೆ ತಕ್ಕಂತೆ ಜನ ಕಾಲು ಅಗಲಿಸಿ ಹೆಜ್ಜೆ ಇಟ್ಟರು, ಆ ಹೆಜ್ಜೆಗಳು ಸೇತುವೆಯನ್ನ ಇನ್ನಷ್ಟು ತಳ್ಳಿದವು. ಅದುರು ತಡೆಯೋ ಸಾಧನಗಳನ್ನ ಕೂಡಿಸಿ 2002ರ ಫೆಬ್ರವರಿಯಲ್ಲಿ ಮತ್ತೆ ತೆರೆದರು. ಈಗ ಅದು ಕದಲೋದಿಲ್ಲ, ಆದರೂ ಇಲ್ಲಿಯ ಜನರ ಬಾಯಲ್ಲಿ ಅದು ‘ವಾಬ್ಲಿ ಬ್ರಿಜ್’ ಆಗಿಯೇ ಉಳಿದಿದೆ.

ಅನುವಾದ ಮಾಡೋರಿಗೆ ಒಂದು ಎಚ್ಚರಿಕೆ. ಬ್ರಿಟನ್ನಿನಲ್ಲಿ ಮಗು ‘ವಾಬ್ಲಿ ಎಸೆಯಿತು’ ಅಂದರೆ ಅಲ್ಲಿ ಯಾವ ಓಲಾಟವೂ ಇಲ್ಲ. ರಚ್ಚೆ ಹಿಡೀತು, ರಂಪ ಮಾಡ್ತು ಅಂತ. ಹೊಸದಾಗಿ ಇಲ್ಲಿಗೆ ಬಂದಾಗ ನನ್ನ ಮಗಳ ಶಾಲೆಯಿಂದ ಹೀಗೊಂದು ಚೀಟಿ ಬಂದು, ಮಗು ಎಲ್ಲೋ ಬಿದ್ದಿದೆ ಅಂತ ಓಡಿಹೋಗಿದ್ದೆ.

ಸರಳ ಕನ್ನಡ
ವಾಬಲ್ ಅಂತಾನೇ ಬರೆದುಬಿಡಿ. ಬಸ್ಸು, ರೈಲು ಬರಲಿಲ್ಲವೇ?

ಅನುವಾದದ ಮೇಜು
ಯೋಚಿಸಿದೆ ಸರ್. ಬಸ್ಸನ್ನ ಮಗು ಕಣ್ಣಾರೆ ನೋಡಿ, ಪದ ಕಲಿಯುತ್ತೆ. ಭೂಮಿಯ ಅಕ್ಷವನ್ನ ನೋಡೋಕಾಗಲ್ಲ. ಅಲ್ಲಿ ಪದವೇ ಚಿತ್ರ ಕೊಡಬೇಕು. ವಾಬಲ್ ಅನ್ನೋದು ಇಂಗ್ಲಿಷ್ ಮಗುವಿಗೆ ಕೊಡೋ ಚಿತ್ರವನ್ನ ನಮ್ಮ ಹಳ್ಳಿ ಶಾಲೆಯ ಮಗುವಿಗೆ ಕೊಡಲ್ಲ.

ಜೋಳದ ರೊಟ್ಟಿ
ಅಕ್ಕಾರ, ನಾ ನರ್ಸ್ ಅದೀನ್ರಿ, ಹುಬ್ಬಳ್ಳಿ ಕಡೆಯಾಕಿ. ನಮ್ಮ ಕೆಲಸದಾಗ ಈ ಪದಗಳು ಭಾಳ ಮಹತ್ವದವು ರೀ. ವಯಸ್ಸಾದವ್ರು ಬಂದು ಒಬ್ಬೊಬ್ರು ಒಂದೊಂದು ಹೇಳ್ತಾರ. “ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರ್ತೈತಿ” ಅಂದ್ರ ನಾವು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡ್ತೇವಿ. “ಮಗ್ಗಲಾ ಬದಲಿಸಿದ್ರ ಮನಿ ಎಲ್ಲಾ ಗರಗರ ತಿರುಗ್ತೈತಿ” ಅಂದ್ರ ಒಳಗಿವಿ ಕಡೆ ಡಾಕ್ಟರ ಲಕ್ಷ್ಯ ಹೋಗ್ತದ. “ತಲಿ ಏನ್ ತಿರುಗೂದಿಲ್ಲ, ನಡಿಯಾಗ ಜೋಲಿ ಹೋಗ್ತೈತಿ” ಅಂದ್ರ ಅದು ಬ್ಯಾರೇನ. ಕಾಲಿಂದು, ನರದ್ದು, ಒಮ್ಮೊಮ್ಮೆ ಮಿದುಳಿಂದು ಇರಬಹುದು.

ಒಮ್ಮೆ ಒಬ್ಬ ಅಜ್ಜಾರು ‘ಜೋಲಿ ಹೋಗ್ತೈತ್ರಿ’ ಅಂದ್ರು. ಹೊಸ ಡಾಕ್ಟರ್ ದಕ್ಷಿಣದ ಕಡೆಯವ್ರು, ತಲೆಸುತ್ತು ಅಂತ ತಿಳಕೊಂಡು ಬರಕೊಂಡ್ರು. ನಾ ಪಕ್ಕದಾಗ ಇದ್ದೆ, ಹಂಗಲ್ರಿ ಸರ್, ತೋಲ ತಪ್ಪತೈತಿ ಅಂತಾರ ಅವ್ರು, ಅಂತ ತಿಳಿಸಿ ಹೇಳಿದೆ. ಅವ್ರನ್ನ ಹತ್ತು ಹೆಜ್ಜಿ ನಡಿಸಿ ನೋಡಿದ ಮ್ಯಾಲೆ ಚೀಟಿ ತಿದ್ದಿದ್ರು. ಅದಕ್ಕ ಹೇಳ್ತೇನಿ, ಈ ಪದಗಳು ಒಂದರ ಬದ್ಲಿ ಇನ್ನೊಂದು ಹಾಕೂವಂಥವಲ್ಲ.

ನುಡಿಬೇರು
ಮೇಲಿನ ಮಾತು ಓದಿ ಬಹಳ ಸಂತೋಷವಾಯಿತು. ಪದದ ಒಳಗಟ್ಟಿನ ಬಗ್ಗೆ ಸ್ವಲ್ಪ ಹೇಳುತ್ತೇನೆ.

‘ವಾಬಲ್’ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದು 17ನೇ ಶತಮಾನದಲ್ಲಿ. ಬಹುಶಃ ಉತ್ತರ ಜರ್ಮನಿಯ ಕೆಳ ಜರ್ಮನ್ ಮಾತಿನ ‘ವಬ್ಬೆಲ್ನ್’ ಇದರ ಮೂಲ. ಮನಸ್ಸು ಹೊಯ್ದಾಡುವುದಕ್ಕೆ ಇಂಗ್ಲಿಷಿನಲ್ಲಿ ‘ವೇವರ್’ ಅನ್ನುತ್ತಾರಲ್ಲ, ಅದು ಇದರ ದಾಯಾದಿ. ಆದರೆ ನೀವು ಗಮನಿಸಬೇಕಾದ್ದು ಬಾಲವನ್ನು. ಕೊನೆಯ ಆ ‘ಲ್’ ಅಲ್ಲಿ ಸುಮ್ಮನೆ ಇಲ್ಲ. ಬಾತುಕೋಳಿಯ ನಡಿಗೆಗೆ ‘ವ್ಯಾಡಲ್’, ಹುಳುವಿನ ಒದ್ದಾಟಕ್ಕೆ ‘ವಿಗಲ್’. ಒಂದು ಸಣ್ಣ ಕ್ರಿಯೆ ಮತ್ತೆ ಮತ್ತೆ ಆಗುತ್ತಿದೆ ಎಂದು ಹೇಳುವುದೇ ಆ ಬಾಲದ ಕೆಲಸ.

ನಮ್ಮಲ್ಲಿ ಅದೇ ಕೆಲಸವನ್ನು ‘ಆಡು’ ಮಾಡುತ್ತದೆ. ಓಲು ಅಂದರೆ ಒಂದು ಕಡೆ ಬಾಗು, ಓಲಾಡು ಅಂದರೆ ಆ ಕಡೆ ಈ ಕಡೆ. ತೂಗಾಡು, ಹೊಯ್ದಾಡು, ಅಲೆದಾಡು, ತೂರಾಡು, ಹೊರಳಾಡು, ಒದ್ದಾಡು ಎಲ್ಲದರಲ್ಲೂ ಅದೇ. ಹಾಗಾಗಿ ಮೇಡಂ, ಇಡೀ ಪದಕ್ಕೆ ಇಡೀ ಪದವನ್ನು ಹುಡುಕಬೇಡಿ. ಬಾಲ ಸಿದ್ಧವಾಗಿದೆ. ಅದರ ಮುಂದೆ ಯಾವ ಧಾತು ಇಡಬೇಕು ಎಂಬುದಷ್ಟೇ ಪ್ರಶ್ನೆ. ಕನ್ನಡದಲ್ಲಿ ಆ ಧಾತುವನ್ನು ಆರಿಸುವಾಗ ಮೊದಲು ನೋಡುವುದು: ಯಾವುದು ನಿಂತಿದೆ, ಯಾವುದು ಚಲಿಸುತ್ತಿದೆ? ಬುಡ ನಿಂತು ತಲೆ ಚಲಿಸುತ್ತಿದೆಯೇ? ಮೇಲೆ ಕಟ್ಟಿ ಕೆಳಗೆ ಬಿಟ್ಟದ್ದೇ? ಎಲ್ಲಿಯೂ ಹಿಡಿತವಿಲ್ಲದೆ ನೀರಿನ ಮೇಲೆ ಇದೆಯೇ? ದೀಪದ ಕುಡಿ ಮತ್ತು ದೋಣಿ ಹೊಯ್ದಾಡುತ್ತವೆ, ತೊಟ್ಟಿಲು ತೂಗಾಡುತ್ತದೆ. ಅದಲುಬದಲು ಮಾಡಿದರೆ ಕಿವಿ ಒಪ್ಪುವುದಿಲ್ಲ.

ಹಳೇ ಕ್ಯಾಸೆಟ್
ದನಿಯ ವಿಷಯ ಯಾರೂ ಎತ್ತಿಲ್ಲ. ಕ್ಯಾಸೆಟ್ ಕಾಲದಲ್ಲಿ ಬೆಲ್ಟ್ ಸಡಿಲವಾದರೆ ಹಾಡು ‘ಎಳೀತಿದೆ’ ಅಂತಿದ್ವಿ. ಅಳು ಬಂದಾಗ ದನಿ ‘ನಡುಗುತ್ತೆ’, ತುಟಿ ‘ಅದುರುತ್ತೆ’. ಪಾಶ್ಚಾತ್ಯ ಶಾಸ್ತ್ರೀಯ ಗಾಯನದಲ್ಲಿ ದನಿಯ ಏರಿಳಿತ ತೀರಾ ನಿಧಾನವಾಗಿ, ತೀರಾ ಅಗಲವಾಗಿ ಆದರೆ ಅದನ್ನ ವಾಬಲ್ ಅಂತಾರೆ, ಅದು ದೋಷ. ನಮ್ಮ ಕರ್ನಾಟಕ ಸಂಗೀತದಲ್ಲಿ ತೋಡಿ ರಾಗದ ಗಾಂಧಾರ ಸ್ವರವನ್ನ ಅಲುಗಿಸದೆ ಹಾಡಿದರೆ ಅದು ತೋಡಿಯೇ ಅಲ್ಲ. ಅದಕ್ಕೆ ‘ಕಂಪಿತ’ ಅಂತ ಮರ್ಯಾದೆಯ ಹೆಸರಿದೆ, ಸ್ವರವನ್ನ ಅಲಂಕರಿಸೋ ದಶವಿಧ ಗಮಕಗಳಲ್ಲಿ ಒಂದು. ಸ್ವರ ಎಲ್ಲಿಂದ ಹೊರಟು ಎಲ್ಲಿಗೆ ಬರಬೇಕು ಅಂತ ಹಾಡುವವರಿಗೆ ಗೊತ್ತಿರುತ್ತೆ. ನೋಡಿ, ಅಲುಗುವುದೆಲ್ಲ ಕೆಟ್ಟಿದ್ದಲ್ಲ.

ಜೀವಶಾಸ್ತ್ರ ಮೇಷ್ಟ್ರು
ನಮ್ಮ ಪಾಠದಲ್ಲೂ ಇದೆ. 1966ರಲ್ಲಿ ಫ್ರಾನ್ಸಿಸ್ ಕ್ರಿಕ್ ಮಂಡಿಸಿದ ‘ವಾಬಲ್’ ಊಹೆ. ಜೀವಕೋಶ ಪ್ರೋಟೀನ್ ಕಟ್ಟಲು ಓದುವ ಮೂರಕ್ಷರದ ಸಂಕೇತದಲ್ಲಿ ಮೊದಲೆರಡು ಅಕ್ಷರ ಬಿಗಿಯಾಗಿ ಜೋಡಿಯಾಗುತ್ತವೆ, ಮೂರನೆಯದರ ಹಿಡಿತ ಸ್ವಲ್ಪ ಸಡಿಲ. ಹಾಗಾಗಿ ಪ್ರೋಟೀನಿನ ಇಟ್ಟಿಗೆಯಾದ ಒಂದೇ ಅಮೈನೋ ಆಮ್ಲಕ್ಕೆ ಹಲವು ಸಂಕೇತಗಳಿದ್ದರೂ ಪ್ರತಿಯೊಂದಕ್ಕೂ ಅದನ್ನು ಹೊತ್ತು ತರುವ ಬೇರೆ ವಾಹಕ ಬೇಕಾಗುವುದಿಲ್ಲ. ನಾನು ತರಗತಿಯಲ್ಲಿ ‘ಸಡಿಲ ಜೋಡಣೆ’ ಎಂದೇ ಹೇಳುತ್ತೇನೆ. ಅಲ್ಲಿ ಮಾತ್ರ ಸಡಿಲ ಎನ್ನುವುದೇ ಸರಿ.

ತಾರಾಪಥ
ಮೇಡಂ, ಪದಕ್ಕಿಂತ ಮೊದಲು ಒಂದನ್ನ ಖಚಿತ ಮಾಡಿಕೊಳ್ಳಿ. ಭೂಮಿಯ ‘ವಾಬಲ್’ ಅಂತ ಇಂಗ್ಲಿಷಿನಲ್ಲಿ ಬರೆದಾಗ ಅದು ಮೂರು ಬೇರೆ ಚಲನೆಗಳಲ್ಲಿ ಯಾವುದೂ ಆಗಿರಬಹುದು.

ದೊಡ್ಡದು ಅಯನಚಲನೆ. ಭೂಮಿ ಪೂರ್ತಿ ಗುಂಡಗಿಲ್ಲ, ಸಮಭಾಜಕದ ಅಡ್ಡಳತೆ ಧ್ರುವದಿಂದ ಧ್ರುವಕ್ಕೆ ಇರೋ ಅಳತೆಗಿಂತ ಸುಮಾರು 43 ಕಿ.ಮೀ. ಜಾಸ್ತಿ. ಆ ಉಬ್ಬಿದ ನಡುವನ್ನ ಸೂರ್ಯ ಚಂದ್ರರು ಎಳೀತಾರೆ. ಅದರಿಂದ ಅಕ್ಷ ತನ್ನ ವಾಲು ಬಿಡದೆ, ಆಕಾಶದಲ್ಲಿ ನಿಧಾನವಾಗಿ ಒಂದು ವೃತ್ತ ಬರೆಯುತ್ತೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಎರಡನೆಯದನ್ನ ಬ್ರಿಟನ್ನಿನ ಜೇಮ್ಸ್ ಬ್ರಾಡ್ಲಿ 1748ರಲ್ಲಿ ಪ್ರಕಟಿಸಿದ. ಚಂದ್ರನ ಕಕ್ಷೆ ತಿರುಗೋದರಿಂದ ಆ ದೊಡ್ಡ ವೃತ್ತದ ಮೇಲೆ 18.6 ವರ್ಷಕ್ಕೊಂದು ಸಣ್ಣ ಅಲೆ ಬೀಳುತ್ತೆ. ಅದರ ಹೆಸರು ‘ನ್ಯುಟೇಷನ್’, ಲ್ಯಾಟಿನ್ನಿನಲ್ಲಿ ತಲೆದೂಗೋದು ಅಂತ ಅರ್ಥ. ನಮ್ಮ ‘ತಲೆದೂಗು’ ಅಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಮೂರನೆಯದು ಸೇತ್ ಚಾಂಡ್ಲರ್ 1891ರಲ್ಲಿ ಗುರುತಿಸಿದ್ದು, ಹೆಸರಲ್ಲೇ ವಾಬಲ್ ಇರೋದು ಇದಕ್ಕೆ. ಭೂಮಿಯ ಮೈಮೇಲೆ ಧ್ರುವದ ಜಾಗವೇ ಸುಮಾರು 433 ದಿನಕ್ಕೊಮ್ಮೆ ಕೆಲವು ಮೀಟರ್ ಸುತ್ತಾಡಿ ಬರುತ್ತೆ. ನಿಮ್ಮ ಪುಟದಲ್ಲಿರೋದು ಯಾವುದು?

ಅನುವಾದದ ಮೇಜು
26,000 ವರ್ಷ ಅಂತ ಇದೆ. ಹಾಗಾದ್ರೆ ಅಯನಚಲನೆ.

ತಾರಾಪಥ
ಹಾಗಿದ್ದರೆ ನಮ್ಮ ಮಕ್ಕಳಿಗೆ ಹೇಳೋಕೆ ಮನೆಯಲ್ಲೇ ಉದಾಹರಣೆ ಇದೆ. ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 21-22ಕ್ಕೆ. ನಾವು ಎಳ್ಳು ಬೆಲ್ಲ ಹಂಚೋದು ಜನವರಿ 14-15ಕ್ಕೆ. ನಮ್ಮ ಪಂಚಾಂಗ ಮಕರ ರಾಶಿಯನ್ನ ನಕ್ಷತ್ರಗಳಿಂದ ಅಳೆಯುತ್ತೆ, ಋತು ಅಕ್ಷದ ವಾಲಿನಿಂದ ಬರುತ್ತೆ. ಅಕ್ಷ ತಿರುಗ್ತಾ ತಿರುಗ್ತಾ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ವ್ಯತ್ಯಾಸ ಬಿದ್ದು, ಈಗ ಅದು ಸುಮಾರು 24 ಡಿಗ್ರಿ ಆಗಿದೆ. ಪಂಚಾಂಗದಲ್ಲಿ ‘ಅಯನಾಂಶ’ ಅಂತ ಅಚ್ಚಾಗೋದು ಇದೇ ಅಂಕಿ. ಅಜ್ಜಿ ಗೋಡೆಗೆ ನೇತುಹಾಕಿರೋ ಪಂಚಾಂಗದಲ್ಲಿ ಭೂಮಿಯ ವಾಬಲ್ ಎಷ್ಟು ದೂರ ಬಂದಿದೆ ಅನ್ನೋ ಲೆಕ್ಕ ಇದೆ. ಇದನ್ನ ಅಡಿಟಿಪ್ಪಣಿಯಾಗಿಯಾದ್ರೂ ಸೇರಿಸಿ, ನಿಮ್ಮಲ್ಲಿ ನನ್ನ ಬೇಡಿಕೆ.

ಅನುವಾದದ ಮೇಜು
ಖಂಡಿತ ಸೇರಿಸ್ತೀನಿ ಸರ್, ಪ್ರಕಾಶಕರನ್ನ ಒಪ್ಪಿಸ್ತೀನಿ. ನಿನ್ನೆ ‘ತೂರಾಡು’ ಹಾಕಿ ಮತ್ತೊಂದು ಸಲ ಅಣ್ಣನ ಮಗಳಿಗೆ ಓದಿದೆ. “ಬುಗುರಿ ತೂರಾಡೋಕೆ ಶುರುಮಾಡಿತು. ಭೂಮಿಯೂ ಹೀಗೇ ತೂರಾಡುತ್ತದೆ.” ಓದ್ತಾ ಓದ್ತಾ ಸುಮ್ಮನಾದಳು. ಆಮೇಲೆ ಮೆಲ್ಲಗೆ, “ಹಾಗಾದ್ರೆ ಭೂಮಿ ಯಾವಾಗ ಬೀಳುತ್ತೆ ಅತ್ತೆ?” ಅಂದಳು. ಅವಳ ಬುಗುರಿ ತೂರಾಡಿದ ಮೇಲೆ ಬಿದ್ದೇ ಬೀಳುತ್ತಲ್ಲ. ಆ ಪದದಲ್ಲೇ ಬೀಳೋದು ಸೇರಿಕೊಂಡಿದೆ ಅಂತ ಆಗ ಗೊತ್ತಾಯ್ತು.

ತಾರಾಪಥ
ಮಗು ಸರಿಯಾದ ಪ್ರಶ್ನೆ ಕೇಳಿದೆ. ಬುಗುರಿ ಬೀಳೋದು ಮೊಳೆ ನೆಲಕ್ಕೆ ಉಜ್ಜಿ, ಗಾಳಿ ತಡೆದು, ವೇಗ ಇಳಿಯೋದರಿಂದ. ಭೂಮಿ ಯಾವ ನೆಲದ ಮೇಲೂ ನಿಂತಿಲ್ಲ, ಬೀಳೋಕೆ ಕೆಳಗೆ ಅನ್ನೋದೂ ಇಲ್ಲ. ಬೀಳೋ ಅರ್ಥ ಇಲ್ಲದ ಪದವೇ ಬೇಕು.

ಭತ್ತದ ಗದ್ದೆ
ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಮಂಡ್ಯ ಕಡೆ ಬೇಸಾಯ. ಎರಡು ದಿನದಿಂದ ನೀವೆಲ್ಲ ಬರೆದದ್ದನ್ನ ಓದ್ತಾ ಇದೀನಿ. ಬುಡ ನಿಂತು ತಲೆ ಆಡೋದಕ್ಕೆ ಪದ ಬೇಕು, ಬೀಳೋ ಅರ್ಥ ಇರಬಾರದು ಅಂತೀರಿ. ನಮ್ಮಲ್ಲಿ ಅದಕ್ಕೆ ‘ತೊನೆಯೋದು’ ಅಂತಾರೆ ತಾಯಿ.

ಹಾಲುಗಾಳು ಗಟ್ಟಿಯಾಗಿ ತೆನೆ ಬಾಗಿರೋವಾಗ ಸಂಜೆ ಬದುವಿನ ಮೇಲೆ ನಿಂತು ನೋಡಿ. ಗಾಳಿ ಬಂದ್ರೆ ತೆನೆ ಒಂದು ಕಡೆ ಹೋಗಿ, ಸುತ್ತಿ, ಮತ್ತೆ ತನ್ನ ಜಾಗಕ್ಕೆ ಬರುತ್ತೆ. ಬುಡ ಕೆಸರಲ್ಲಿ ಕೂತಲ್ಲೇ ಕೂತಿರುತ್ತೆ. ಅದು ತೊನೆಯೋದು. ಮಳೆ ಗಾಳಿಗೆ ಪೈರು ನೆಲಕ್ಕೆ ಮಲಗಿಬಿಟ್ರೆ ಅದನ್ನ ಯಾರೂ ತೊನೀತು ಅನ್ನಲ್ಲ, ಮಲಗಿತು ಅಂತೀವಿ, ಅದು ನಷ್ಟ. ತೊನೆಯೋ ಪೈರು ಚೆನ್ನಾಗಿರೋ ಪೈರು. ಆನೆ ನಿಂತಲ್ಲೇ ತಲೆ ಮೈ ಆಡಿಸೋದಕ್ಕೂ ತೊನೆಯೋದು ಅಂತಾರೆ.

ನುಡಿಬೇರು
ಇದಕ್ಕಿಂತ ಒಳ್ಳೆಯ ಪದ ನನಗೆ ತೋಚುತ್ತಿಲ್ಲ. ತೊನೆ, ತೊನೆದಾಡು, ತೊನೆದಾಟ. ಬಾಲವೂ ಬಂತು. ಹಳೆಯ ಪದ, ಇನ್ನೂ ಗದ್ದೆಯಲ್ಲಿ ಬದುಕಿದೆ. ನಮಸ್ಕಾರ ನಿಮಗೆ.

ಪಾನಾ ಹಿಡಿದವನು
ಬುಗುರಿಗೂ ಸರಿ ಹೋಗುತ್ತೆ. ಮೊಳೆ ನೆಲದಲ್ಲಿ, ತಲೆ ಸುತ್ತಾಡುತ್ತೆ. ಚಾಟಿ ಬಿಟ್ಟ ಕೂಡಲೆ ಗಂಟೆಗಂಬದ ಹಾಗೆ ನಿಂತ ಬುಗುರಿ ಆಮೇಲೆ ಹಾಗೇ ತೊನೆಯೋದು.

ಮೆಟ್ಟುಕತ್ತಿ
ಭೂಮಿಗೆ, ಬುಗುರಿಗೆ ಆಯ್ತು. ನಕ್ಷತ್ರಕ್ಕೆ ಬುಡ ಎಲ್ಲಿ ಉಂಟು?

ತಾರಾಪಥ
ಒಳ್ಳೆ ಪ್ರಶ್ನೆ. ಅಲ್ಲಿ ಅಕ್ಷ ವಾಲೋ ಮಾತೇ ಇಲ್ಲ. ಅಪ್ಪ ಮಗುವಿನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸೋದನ್ನ ನೆನೆಸಿಕೊಳ್ಳಿ. ಮಗು ದೊಡ್ಡ ಸುತ್ತು ಹೋಗುತ್ತೆ, ಅಪ್ಪನೂ ನಿಂತಲ್ಲೇ ನಿಲ್ಲೋಕಾಗಲ್ಲ. ಹಿಂದಕ್ಕೆ ವಾಲಿ ಪುಟ್ಟ ಸುತ್ತು ಹಾಕ್ತಾನೆ. ಮಗು ಕತ್ತಲಲ್ಲಿದ್ದು ಕಾಣದಿದ್ರೂ ಅಪ್ಪನ ಹೆಜ್ಜೆ ನೋಡಿ, ಯಾರನ್ನೋ ತಿರುಗಿಸ್ತಿದ್ದಾನೆ ಅಂತ ಗೊತ್ತಾಗುತ್ತೆ. 1995ರಲ್ಲಿ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕ್ವೆಲೋ ‘51 ಪೆಗಾಸಿ’ ಅನ್ನೋ ನಕ್ಷತ್ರದ ಬೆಳಕು ನಾಲ್ಕು ದಿನಕ್ಕೊಮ್ಮೆ, ಅದು ನಮ್ಮಿಂದ ದೂರ ಹೋದಾಗ ಕೆಂಪಿಗೆ, ಹತ್ತಿರ ಬಂದಾಗ ನೀಲಿಗೆ, ಒಂದಿಷ್ಟೇ ಸರಿಯೋದನ್ನ ನೋಡಿ, ಅದರ ಸುತ್ತ ಗ್ರಹ ಇದೆ ಅಂದ್ರು. 2019ರಲ್ಲಿ ಅವರಿಗೆ ನೊಬೆಲ್ ಬಂತು.

ಜೋಳದ ರೊಟ್ಟಿ
ಹಂಗಾದ್ರ ಅಲ್ಲಿ ‘ಓಲಾಡು’ ಹಾಕ್ರಿ ಅಕ್ಕಾರ. ಅಪ್ಪ ಕೂಸಿನ ಭಾರಕ್ಕ ಓಲಾಡ್ತಾನ, ತೊನ್ಯಾಂಗಿಲ್ಲ.

ಅನುವಾದದ ಮೇಜು
ಮೂರಕ್ಕೂ ಒಂದೇ ಪದ ಬೇಕು ಅಂತ ಹಟ ಹಿಡಿದು ಬಂದಿದ್ದೆ. ಈಗ ಎರಡು ಪದ ಇಟ್ಕೊಂಡು ಹೋಗ್ತಿದ್ದೀನಿ, ಪುಟ ಇನ್ನೂ ಸ್ಪಷ್ಟವಾಗಿದೆ. ಹೀಗೆ ಬರೆದಿದ್ದೀನಿ:

“ಬುಗುರಿಯ ವೇಗ ಇಳಿದಂತೆ ಅದರ ತಲೆ ತೊನೆದಾಡತೊಡಗುತ್ತದೆ. ಭೂಮಿಯೂ ತೆನೆಯ ಹಾಗೆ ತೊನೆಯುತ್ತದೆ, ಆದರೆ ಎಷ್ಟು ನಿಧಾನವೆಂದರೆ ಒಂದು ಸುತ್ತು ಮುಗಿಯಲು 26,000 ವರ್ಷ ಬೇಕು. ದೂರದ ನಕ್ಷತ್ರವೊಂದು ಓಲಾಡುತ್ತಿದ್ದರೆ, ಕಾಣದ ಗ್ರಹವೊಂದು ಅದರ ಕೈ ಹಿಡಿದು ಸುತ್ತುತ್ತಿದೆ ಎಂದರ್ಥ.”

ಅಣ್ಣನ ಮಗಳಿಗೆ ಓದಿದೆ. ಬೀಳೋ ಮಾತೇ ಎತ್ತಲಿಲ್ಲ. “26,000 ವರ್ಷ ಯಾರು ಕೂತು ನೋಡಿದ್ರು?” ಅಂತ ಕೇಳಿದಳು. ಏನು ಹೇಳಲಿ?

ತಾರಾಪಥ
ಯಾರೂ ಕಾಯಲಿಲ್ಲ ಅಂತ ಹೇಳಿ. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಗ್ರೀಕರ ಹಿಪಾರ್ಕಸ್ ಒಂದು ನಕ್ಷತ್ರದ ಜಾಗ ಅಳೆದು, ತನಗಿಂತ ಸುಮಾರು 150 ವರ್ಷ ಹಿಂದೆ ಟಿಮೋಕಾರಿಸ್ ಬರೆದಿಟ್ಟ ಅಳತೆಯ ಜೊತೆ ಹೋಲಿಸಿ ನೋಡಿದ. ಎರಡು ಡಿಗ್ರಿ ಸರಿದಿತ್ತು. ಎರಡು ಡಿಗ್ರಿಗೆ ಇಷ್ಟು ವರ್ಷ ಆದ್ರೆ 360ಕ್ಕೆ ಎಷ್ಟು, ಅವಳೇ ಗುಣಿಸಲಿ. ಆ ನಕ್ಷತ್ರ ನಮ್ಮ ಚಿತ್ತಾ. ಮೇಘನಾದ ಸಹಾ ಅಧ್ಯಕ್ಷರಾಗಿದ್ದ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ಅಯನಾಂಶಕ್ಕೆ ಗುರುತಾಗಿ ಹಿಡಿದದ್ದೂ ಅದೇ ಚಿತ್ತಾ ನಕ್ಷತ್ರವನ್ನ.

ಭತ್ತದ ಗದ್ದೆ
ಚಿತ್ತಾ ಮಳೆಯ ಚಿತ್ತಾನೇ? ಅಕ್ಟೋಬರಲ್ಲಿ ಬರುತ್ತಲ್ಲ, ಸ್ವಾತಿಗೆ ಮುಂಚೆ?

ತಾರಾಪಥ
ಅದೇ. ಸೂರ್ಯ ಆ ನಕ್ಷತ್ರದ ಹತ್ತಿರ ಇರೋ ದಿನಗಳಲ್ಲಿ ಬರೋ ಮಳೆಗೆ ಆ ಹೆಸರು. ಹಾಗಾಗಿ ಆಗ ಅದು ಕಾಣಲ್ಲ. ಏಪ್ರಿಲ್ ತಿಂಗಳ ರಾತ್ರಿ ಎಂಟು ಗಂಟೆ ಮೇಲೆ ಮಗುವನ್ನ ಅಂಗಳಕ್ಕೆ ಕರೆತನ್ನಿ. ಉತ್ತರದಲ್ಲಿ ಸಪ್ತರ್ಷಿಗಳ ಬಾಲ ಬಾಗಿರೋ ಕಡೆಗೇ ಕಣ್ಣು ಹಾಯಿಸ್ತಾ ಬಂದ್ರೆ ಮೊದಲು ಕಿತ್ತಳೆ ಬಣ್ಣದ ಸ್ವಾತಿ, ಹಾಗೇ ಮುಂದಕ್ಕೆ ಹೋದ್ರೆ ಬಿಳಿ ನೀಲಿಯ ಚಿತ್ತಾ.

ಅನುವಾದದ ಮೇಜು
ಏಪ್ರಿಲ್‌ನಲ್ಲಿ ಅವಳಿಗೆ ರಜೆ ಇರುತ್ತೆ. ಊರಿಗೆ ಕರಕೊಂಡು ಹೋಗ್ತೀನಿ, ಅಲ್ಲಿ ಬೀದಿ ದೀಪ ಕಮ್ಮಿ.